ಚೆಂಡು ಯಾರದು? ಬಯಲು ಯಾರದು?

ಹೋದ ವಾರ ಟೇಕಲ್ ಸ್ಟೇಷನ್ನಿನ ಬಳಿಯ ಟೀ ಅಂಗಡಿಯಲ್ಲಿ ಕುಳಿತಿದ್ದಾಗ, ಈ ಸಂಚಿಕೆಗೆ ಫುಟ್‌ಬಾಲ್ ಆಟದ ಮೇಲೆ ಬರೆಯುತ್ತಿದ್ದೇನೆಂದು ಬಾಯಿತಪ್ಪಿ ಹೇಳಿಬಿಟ್ಟೆ. ಅಂಗಡಿಯ ಯಜಮಾನರು ನಕ್ಕರು. "ಏನು ಮೇಷ್ಟ್ರೇ, ಗ್ಯಾಸಿನ ರೇಟು, ಎಣ್ಣೆ ರೇಟು ಬರೆಯೋದು ಬಿಟ್ಟು ಚೆಂಡಿನ ಹಿಂದೆ ಓಡೋಕೆ ಶುರು ಮಾಡಿದ್ರಾ?" ಎಂದರು. ರಾತ್ರಿ ಪಾಳಿ ಮುಗಿಸಿ ಮಾಲೂರಿನ ಕಡೆಯಿಂದ ಬಂದು ಬೆಂಚಿನ ಮೇಲೆ ತೂಕಡಿಸುತ್ತಿದ್ದ ಕಾರ್ಮಿಕ ತರುಣನೊಬ್ಬ ಕಣ್ಣು ತೆರೆಯದೆಯೇ, "ನಮಗೆ ನಿದ್ದೆಗೇ ಹೊತ್ತಿಲ್ಲ, ಇನ್ನು ಆಟ ಎಲ್ಲಿ ಬಂತು ಬಿಡಿ ಸಾರ್" ಎಂದ.

ಬಂಧುಗಳೇ, ಯಜಮಾನರ ಪ್ರಶ್ನೆಗೆ ಆ ತರುಣನ ಮಾತಿನಲ್ಲಿಯೇ ಉತ್ತರವಿದೆ. ಆಟವೆಂಬುದು ಹೊಟ್ಟೆ ತುಂಬಿದವರ ಶೋಕಿ ಎಂದು ನಾವು ತಿಳಿದಿದ್ದೇವೆ. ಆದರೆ ಒಬ್ಬ ದುಡಿಮೆಗಾರ ಸಂಜೆ ಚೆಂಡು ಒದೆಯಬೇಕಾದರೆ ಅವನಿಗೆ ಮೂರು ವಸ್ತುಗಳು ಬೇಕು. ಒಂದು, ಪಾಳಿ ಮುಗಿದ ಮೇಲೆ ಮೈಯಲ್ಲಿ ಉಸಿರೂ ಕೈಯಲ್ಲಿ ಹೊತ್ತೂ ಉಳಿದಿರಬೇಕು. ಎರಡು, ಯಾರ ಅಪ್ಪಣೆಯನ್ನೂ ಕೇಳದೆ ಕಾಲಿಡಬಹುದಾದ ಬಯಲಿರಬೇಕು. ಮೂರು, ಕಾಲು ಉಳುಕಿದರೆ ನಾಳೆ ಒಲೆ ಉರಿಯುವುದೋ ಇಲ್ಲವೋ ಎಂಬ ಭಯವಿರಬಾರದು. ಹೊತ್ತು, ಬಯಲು, ಅನ್ನದ ಭರವಸೆ. ಈ ಮೂರೂ ಎಲ್ಲಿ ದುಡಿಯುವವರ ಕೈಗೆ ಬಂದವೋ ಅಲ್ಲಿ ಫುಟ್‌ಬಾಲ್ ಬೆಳೆಯಿತು. ಎಲ್ಲಿ ಅವರ ಕೈ ಬಿಟ್ಟು ಹೋದವೋ ಅಲ್ಲಿ ಚೆಂಡು ಟೆಲಿವಿಷನ್ ಪೆಟ್ಟಿಗೆಯೊಳಗೆ ಹೋಗಿ ಕುಳಿತಿತು. ಇದು ನನ್ನ ಕಲ್ಪನೆಯಲ್ಲ, ಚರಿತ್ರೆ. ಆ ಚರಿತ್ರೆಯ ಒಂದು ಅಧ್ಯಾಯ ನಮ್ಮ ಟೇಕಲ್ ಮುಂದೆ ಹಾದುಹೋಗುವ ರೈಲುಹಳಿಯ ಮೇಲೆಯೇ ನಡೆದಿದೆ.

ಶನಿವಾರ ಎರಡು ಗಂಟೆ

ಈ ಆಟದ ಇಂದಿನ ನಿಯಮಗಳಿಗೆ ಬುನಾದಿ ಬಿದ್ದದ್ದು 1863ರಲ್ಲಿ, ಲಂಡನ್ನಿನಲ್ಲಿ. ಬರೆದವರು ಓದಿದ, ಅನುಕೂಲಸ್ಥ ವರ್ಗದ ಮಹನೀಯರು. ಮೊದಲ ವರ್ಷಗಳಲ್ಲಿ ಇಂಗ್ಲೆಂಡಿನ ದೊಡ್ಡ ಕಪ್ಪನ್ನು ಗೆದ್ದವರೂ ಅಂಥವರೇ. ಗಿರಣಿಯ ಕೂಲಿಗಾರ ಆಡಲಿಲ್ಲವೇಕೆ? ಅವನಿಗೆ ಕಾಲಿರಲಿಲ್ಲವೇ? ಕಾಲಿತ್ತು, ಕಾಲವಿರಲಿಲ್ಲ! ವಾರದ ಆರು ದಿನವೂ ಮಗ್ಗದ ಮುಂದೆ ನಿಂತವನು ಏಳನೆಯ ದಿನ ಮಲಗದೆ ಇನ್ನೇನು ಮಾಡಿಯಾನು?

ಕೆಲಸದ ಹೊತ್ತನ್ನು ತಗ್ಗಿಸಬೇಕೆಂದು ಕಾರ್ಮಿಕರು ವರ್ಷಗಟ್ಟಲೆ ಹೋರಾಡಿದ ಫಲವಾಗಿ 1850ರಲ್ಲಿ ಅಲ್ಲಿ ಒಂದು ಕಾರ್ಖಾನೆ ಕಾನೂನು ಬಂದಿತು. ಬಟ್ಟೆ ಗಿರಣಿಗಳಲ್ಲಿ ಹೆಂಗಸರನ್ನೂ ಹುಡುಗರನ್ನೂ ಶನಿವಾರ ಮಧ್ಯಾಹ್ನ ಎರಡು ಗಂಟೆಯ ಮೇಲೆ ದುಡಿಸಬಾರದು ಎಂದಿತು ಆ ಕಾನೂನು. ಅವರಿಲ್ಲದೆ ಗಿರಣಿ ನಡೆಯುವುದೆಂತು? ಯಂತ್ರ ನಿಂತಿತು, ಗಂಡಸರೂ ಹೊರಗೆ ಬಂದರು. ಆ ಶನಿವಾರದ ಅರ್ಧ ದಿನವೇ ಜಗತ್ತಿನ ಫುಟ್‌ಬಾಲಿನ ತಾಯಿ. ಇಂಗ್ಲೆಂಡಿನಲ್ಲಿ ಶನಿವಾರ ಮಧ್ಯಾಹ್ನವೇ ಪಂದ್ಯದ ಹೊತ್ತಾಗಿ ನೆಲೆನಿಂತದ್ದು ಹೀಗೆ.

1883ರ ಮಾರ್ಚ್ 31ರಂದು ಲಂಡನ್ನಿನಲ್ಲಿ ಆ ದೊಡ್ಡ ಕಪ್ಪಿನ ಕೊನೆಯ ಪಂದ್ಯ. ಒಂದು ಕಡೆ ಈಟನ್ ಎಂಬ ರಾಜಮನೆತನದವರ ಶಾಲೆಯ ಹಳೆಯ ವಿದ್ಯಾರ್ಥಿಗಳು. ಇನ್ನೊಂದು ಕಡೆ ಬ್ಲ್ಯಾಕ್‌ಬರ್ನ್ ಒಲಿಂಪಿಕ್ ಎಂಬ ತಂಡ. ಬ್ಲ್ಯಾಕ್‌ಬರ್ನ್ ಎಂದರೆ ಲಂಕಾಷೈರಿನ ಹತ್ತಿ ಗಿರಣಿಗಳ ಊರು. ನಮ್ಮ ನೇಕಾರನ ಹೊಟ್ಟೆಯ ಮೇಲೆ ಹೊಡೆದು ನಮಗೇ ಬಟ್ಟೆ ಮಾರಿದ ಸೀಮೆ ಅದು. ಆದರೆ ಅಲ್ಲಿನ ಕೂಲಿಗಾರನೂ ನಮ್ಮವನಂತೆಯೇ ಬೆವರು ಸುರಿಸಿದವನು. ತಂಡದಲ್ಲಿ ನೇಕಾರರಿದ್ದರು, ನೂಲುವವನಿದ್ದ, ಕಬ್ಬಿಣ ಎರಕದವನಿದ್ದ, ನಲ್ಲಿ ಕೆಲಸದವನಿದ್ದ. ಊರಿನ ಒಬ್ಬ ಎರಕದ ಕಾರ್ಖಾನೆಯ ಮಾಲೀಕ ಹಣ ಕೊಟ್ಟು ಪಂದ್ಯಕ್ಕೆ ಮುಂಚೆ ಕೆಲವು ದಿನ ಅವರನ್ನು ಕೆಲಸದಿಂದ ಬಿಡಿಸಿ ತಾಲೀಮಿಗೆ ಕಳಿಸಿದ್ದನೆಂಬುದನ್ನೂ ಮುಚ್ಚಿಡಬೇಕಾಗಿಲ್ಲ. ಫಲಿತಾಂಶ? ಕೂಲಿಗಾರರು ಎರಡು ಗೋಲು, ದೊರೆಮಕ್ಕಳು ಒಂದು. ಗೆಲುವಿನ ಗೋಲು ಹೊಡೆದವನು ಜಿಮ್ಮಿ ಕಾಸ್ಟ್ಲಿ, ನೂಲುವ ಕೆಲಸದವನು! ತಾಲೀಮಿಗೆ ನಾಲ್ಕು ದಿನ ಬಿಡುವು ಸಿಕ್ಕಿದ್ದೇ ತಡ, ದೊರೆಗಳ ಹಿರಿಮೆ ಮಣ್ಣುಪಾಲಾಯಿತು.

ಆಗ ಸಿರಿವಂತರು ಹೊಸ ರಾಗ ತೆಗೆದರು. ಆಟವನ್ನು ಆಟದ ಪ್ರೀತಿಗಾಗಿ ಆಡಬೇಕು, ಹಣಕ್ಕಾಗಿ ಆಡುವುದು ನೀಚತನ ಎಂದರು. ಗೇಣಿಯ ಹಣ ಮನೆ ಬಾಗಿಲಿಗೆ ಬರುವವನಿಗೆ ಈ ಉಪದೇಶ ಸುಲಭ. ಪಂದ್ಯಕ್ಕೆ ಹೋದ ದಿನ ಕೂಲಿ ಕಳೆದುಕೊಳ್ಳುವವನಿಗೆ? ಕಡೆಗೆ 1885ರಲ್ಲಿ ಆಟಗಾರನಿಗೆ ಸಂಬಳ ಕೊಡುವುದನ್ನು ಒಪ್ಪಲೇಬೇಕಾಯಿತು. ಒಪ್ಪಿದವರು ಸುಮ್ಮನಿದ್ದರೇ? 1901ರಲ್ಲಿ ವಾರಕ್ಕೆ ನಾಲ್ಕು ಪೌಂಡಿಗಿಂತ ಹೆಚ್ಚು ಕೊಡಕೂಡದೆಂದು ಮಿತಿ ಹಾಕಿದರು. ಆಟಗಾರರು 1907ರಲ್ಲಿ ಮ್ಯಾಂಚೆಸ್ಟರಿನಲ್ಲಿ ಸಂಘ ಕಟ್ಟಿದರು. ಐವತ್ತು ವರ್ಷ ದಾಟಿದರೂ ಮಿತಿ ಹೋಗಲಿಲ್ಲ. ಇಪ್ಪತ್ತು ಪೌಂಡಿಗೆ ಏರಿತು ಅಷ್ಟೆ. 1961ರಲ್ಲಿ ಜಿಮ್ಮಿ ಹಿಲ್ ಎಂಬ ಆಟಗಾರನ ಮುಂದಾಳುತನದಲ್ಲಿ ಮುಷ್ಕರದ ನೋಟೀಸು ಕೊಟ್ಟಾಗ ಮಿತಿ ಮುರಿದುಬಿತ್ತು. ಮೈದಾನದ ತುಂಬ ಜನ ಸೇರಿಸುವ ಆಟಗಾರನಿಗೂ ಸಂಘವಿಲ್ಲದೆ ನ್ಯಾಯ ಸಿಗಲಿಲ್ಲ ಎಂದ ಮೇಲೆ ಮಗ್ಗದವನಿಗೆ ಸಿಗುವುದುಂಟೇ?

ಗಣಿಯಿಂದ ದಂಡಿನವರೆಗೆ

ಇನ್ನು ನಮ್ಮ ಹಳಿಗೆ ಬರೋಣ. ಬೆಂಗಳೂರು ದಂಡಿನಿಂದ ಜೋಲಾರಪೇಟೆಗೆ ರೈಲು ಓಡಿದ್ದು 1864ರಲ್ಲಿ. ಮಾಲೂರು, ಟೇಕಲ್, ಬಂಗಾರಪೇಟೆ ಅದರ ಮೇಲಿನ ಊರುಗಳು. ಬಂಗಾರಪೇಟೆಯಿಂದ ಮಾರಿಕುಪ್ಪಕ್ಕೆ ಕವಲು ಒಡೆದದ್ದು ಚಿನ್ನದ ಗಣಿಗಾಗಿ. ಈ ಹಳಿಯ ಒಂದು ತುದಿಯಲ್ಲಿ ಬಿಳಿಯರ ಪಲ್ಟನ್ನುಗಳಿದ್ದ ದಂಡು, ಇನ್ನೊಂದು ತುದಿಯಲ್ಲಿ ಜಾನ್ ಟೇಲರ್ ಕಂಪನಿಯ ಗಣಿ. ಚೆಂಡು ಬಂದದ್ದು ಪಲ್ಟನ್ನಿನವರ ಜೊತೆ. ಆದರೆ ಅದನ್ನು ತನ್ನದಾಗಿಸಿಕೊಂಡವನು ಹಲಸೂರು, ಆಸ್ಟಿನ್ ಟೌನ್, ಗೌತಮಪುರದ ಕೇರಿಗಳಲ್ಲಿದ್ದ ಬಡವ. ಗಣಿಯ ಲೈನುಮನೆಗಳಲ್ಲಿದ್ದ ಕೂಲಿಗಾರ. ಬ್ಯಾಟು, ಪ್ಯಾಡು, ಬಿಳಿ ಷರಾಯಿ ಇಲ್ಲದವನಿಗೆ ಕ್ರಿಕೆಟ್ ಎಟುಕದು. ಒಂದು ಚೆಂಡನ್ನು ಇಪ್ಪತ್ತೆರಡು ಮಂದಿ ಹಂಚಿಕೊಳ್ಳಬಹುದಾದ ಆಟ ಇದೊಂದೇ. ಬೂಟೂ ಬೇಕಾಗಿರಲಿಲ್ಲ.

ಬರಿಗಾಲಿನ ಪೌರುಷ ಕಡಿಮೆಯದೇನಲ್ಲ. 1911ರಲ್ಲಿ ಕಲ್ಕತ್ತೆಯ ಮೋಹನ್ ಬಗಾನ್ ತಂಡ ಗೋರ ಪಲ್ಟನ್ನಿನ ಈಸ್ಟ್ ಯಾರ್ಕ್‌ಷೈರ್ ತಂಡವನ್ನು ಎರಡಕ್ಕೆ ಒಂದು ಗೋಲಿನಿಂದ ಸೋಲಿಸಿ ಐಎಫ್ಎ ಷೀಲ್ಡನ್ನು ಕಿತ್ತುಕೊಂಡಿತು. ಹನ್ನೊಂದರಲ್ಲಿ ಹತ್ತು ಮಂದಿ ಬರಿಗಾಲಿನವರು. ಆಳುವವನನ್ನು ಸೋಲಿಸಬಹುದೆಂಬ ಪಾಠವನ್ನು ಅಂದು ಒಂದು ಇಡೀ ದೇಶ ಕಣ್ಣಾರೆ ಕಲಿಯಿತು. ಬೊಂಬಾಯಿಯಲ್ಲಿ ಪಲ್ಟನ್ನಿನವರ ಸ್ವತ್ತೇ ಆಗಿಹೋಗಿದ್ದ ರೋವರ್ಸ್ ಕಪ್ಪನ್ನು 1937ರಲ್ಲಿ ಮೊಟ್ಟಮೊದಲು ಗೆದ್ದ ಭಾರತೀಯ ತಂಡ ಯಾವುದು ಗೊತ್ತೇ? ನಮ್ಮ ಬೆಂಗಳೂರು ಮುಸ್ಲಿಮ್ಸ್. ಮರುವರ್ಷವೂ ಗೆದ್ದವರು ಅವರೇ. 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಸ್ವತಂತ್ರ ಭಾರತದ ಮೊದಲ ತಂಡ ಫ್ರಾನ್ಸಿನೆದುರು ಒಂದಕ್ಕೆ ಎರಡರಿಂದ ಸೋತಿತು. ಎರಡು ಪೆನಾಲ್ಟಿಗಳು ಕೈತಪ್ಪಿದ್ದವು. ಭಾರತದ ಆ ಒಂದೇ ಗೋಲನ್ನು ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್. ಅದೇ ತಂಡದಲ್ಲಿದ್ದ ಬೆಂಗಳೂರಿನ ಅಹ್ಮದ್ ಖಾನ್ ಮುಂದೆ ಕಲ್ಕತ್ತೆಯ ಈಸ್ಟ್ ಬೆಂಗಾಲ್ ತಂಡದಲ್ಲಿ ಪಂಚಪಾಂಡವರೆಂದು ಹೆಸರಾದ ಐವರಲ್ಲಿ ಒಬ್ಬರಾದರು. 1962ರ ಜಕಾರ್ತ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದ ತಂಡದ ಅರುಮೈನಾಯಗಂ ಕೂಡ ಇಲ್ಲಿಯವರೇ. ಸಂತೋಷ್ ಟ್ರೋಫಿಯನ್ನು ಮೈಸೂರು ತಂಡ 1946-47, 1952-53, 1967-68, 1968-69ರಲ್ಲಿ, ನಾಲ್ಕು ಸಲ ತಂದಿತು.

ಗೌತಮಪುರಕ್ಕೆ ಹೋದವರು ನೋಡಿರಬಹುದು. ಅಲ್ಲಿ ಬುದ್ಧ, ಅಂಬೇಡ್ಕರ್, ಮದರ್ ತೆರೇಸಾ ಪ್ರತಿಮೆಗಳ ಸಾಲಿನಲ್ಲಿಯೇ ಬ್ರೆಜಿಲಿನ ಪೆಲೆಯ ಪ್ರತಿಮೆಯೂ ಇದೆ. ಊರಿನ ದೊಡ್ಡ ಜನ ಯಾರನ್ನು ಬದಿಗೆ ಸರಿಸಿದರೋ ಆ ಜನ, ಬೂಟ್ ಪಾಲಿಷ್ ಮಾಡಿ ಬಾಲ್ಯ ಕಳೆದ ಕರಿಯ ಹುಡುಗನೊಬ್ಬ ಜಗತ್ತಿನ ನೆತ್ತಿಗೇರಿದ್ದನ್ನು ಕಂಡು ತಮ್ಮವನೆಂದು ಎದೆಗೊತ್ತಿಕೊಂಡರು. ಇದನ್ನು ಬರಿಯ ಆಟದ ಹುಚ್ಚು ಎನ್ನುವವರಿಗೆ ಜಾತಿಯ ಕಷ್ಟ ತಿಳಿಯದು.

ಈ ಸಾಧನೆಯ ಬೆನ್ನಿಗೆ ಏನಿತ್ತು? ಅನ್ನದ ಭರವಸೆ ಇತ್ತು. ಎಚ್ಎಎಲ್, ಐಟಿಐ, ಎಲ್‌ಆರ್‌ಡಿಇ ಮುಂತಾದ ಸರ್ಕಾರಿ ಉದ್ಯಮಗಳೂ ಸಂಸ್ಥೆಗಳೂ ತಂಡ ಕಟ್ಟಿದವು, ಆಟಗಾರನಿಗೆ ಕೆಲಸ ಕೊಟ್ಟವು. ಆಟ ಮುಗಿದ ಮೇಲೂ ಅವನು ನೌಕರನಾಗಿ ಉಳಿದ, ಮಕ್ಕಳನ್ನು ಓದಿಸಿದ, ಪಿಂಚಣಿ ಪಡೆದ. ಸೈರನ್ನು ಕೂಗಿತೆಂದರೆ ಪಾಳಿ ಮುಗಿಯಿತು. ಸಂಜೆ ಅವನದು.

ಕಂಪನಿಯ ಅಫೀಮೇ?

ನಮ್ಮ ಹಿರಿಯ ಸಂಗಾತಿಗಳಲ್ಲಿ ಕೆಲವರು ಇಲ್ಲಿ ತಕರಾರು ತೆಗೆಯುತ್ತಾರೆ. ಗಣಿ ಕಂಪನಿಯೂ ಗಿರಣಿ ಧಣಿಯೂ ಚೆಂಡು ಕೊಟ್ಟದ್ದು ಕೂಲಿಗಾರ ಸಂಘದ ಕಡೆ ತಲೆ ಹಾಕದಿರಲಿ ಎಂದಲ್ಲವೇ, ಇದು ಅಫೀಮಲ್ಲವೇ, ಎಂಬುದು ಅವರ ವಾದ. ಧಣಿಯ ಉದ್ದೇಶ ಅದೇ ಇದ್ದೀತು, ಒಪ್ಪೋಣ. ಆದರೆ ಕೊಟ್ಟವನ ಉದ್ದೇಶ ಬೇರೆ, ಪಡೆದವನು ಮಾಡಿಕೊಂಡ ಉಪಯೋಗ ಬೇರೆ. 1930ರಲ್ಲಿ ಕೂಲಿಗಾರರ ಬೆರಳಚ್ಚು ತೆಗೆದು ದಾಖಲು ಮಾಡುವ ಕ್ರಮವನ್ನು ವಿರೋಧಿಸಿ ಇಡೀ ಕೋಲಾರ ಚಿನ್ನದ ಗಣಿ ಕೆಲಸ ನಿಲ್ಲಿಸಿತು. 1946ರ ನವೆಂಬರಿನಲ್ಲಿ ಅಲ್ಲಿ ಪೊಲೀಸರ ಗುಂಡಿಗೆ ಕೂಲಿಗಾರರು ಬಲಿಯಾದರು. ಚೆಂಡು ಒದೆದ ಮಾತ್ರಕ್ಕೆ ಆ ಜನ ಹೋರಾಟ ಮರೆತರೇ?

ಚೆಂಡಿಗೆ ತನ್ನದೇ ಪಕ್ಷವಿಲ್ಲ. ಯಾರ ಕಾಲಿನಲ್ಲಿದೆಯೋ ಅವರ ಕಡೆಗೆ ಅದು ಆಡುತ್ತದೆ. 1978ರಲ್ಲಿ ಅರ್ಜೆಂಟೀನಾದ ಸೇನಾ ಸರ್ಕಾರ ವಿಶ್ವಕಪ್ ನಡೆಸಿತು. ಕೊನೆಯ ಪಂದ್ಯ ನಡೆದ ಕ್ರೀಡಾಂಗಣದಿಂದ ಅಷ್ಟೇನೂ ದೂರವಿಲ್ಲದ ನೌಕಾಪಡೆಯ ಶಾಲೆಯೊಂದರಲ್ಲಿ ಸರ್ಕಾರದ ವಿರೋಧಿಗಳನ್ನು ಗುಟ್ಟಾಗಿ ಕೂಡಿಹಾಕಿ ಹಿಂಸಿಸಲಾಗುತ್ತಿತ್ತು. ಗೋಲಿನ ಗದ್ದಲದಡಿಯಲ್ಲಿ ನರಳಾಟವನ್ನು ಹೂತುಹಾಕುವ ವಿದ್ಯೆ ಅದು. 1973ರಲ್ಲಿ ಚಿಲಿ ದೇಶದ ಸೇನಾಧಿಕಾರಿಗಳು ರಾಷ್ಟ್ರೀಯ ಕ್ರೀಡಾಂಗಣವನ್ನೇ ಜೈಲು ಮಾಡಿದರು.

ಇನ್ನೊಂದು ಪಕ್ಕವನ್ನೂ ನೋಡಿ. 1958ರಲ್ಲಿ ಅಲ್ಜೀರಿಯ ಇನ್ನೂ ಫ್ರಾನ್ಸಿನ ಹಿಡಿತದಲ್ಲಿತ್ತು. ಫ್ರಾನ್ಸಿನ ಕ್ಲಬ್ಬುಗಳಲ್ಲಿ ಹೆಸರೂ ಹಣವೂ ಮಾಡಿದ್ದ ಅಲ್ಜೀರಿಯದ ಆಟಗಾರರು ಗುಟ್ಟಾಗಿ ದೇಶಬಿಟ್ಟು ಟ್ಯೂನಿಸ್ ಸೇರಿ, ಇನ್ನೂ ಹುಟ್ಟದ ತಮ್ಮ ರಾಷ್ಟ್ರದ ಹೆಸರಿನಲ್ಲಿ ತಂಡ ಕಟ್ಟಿದರು. ರಷೀದ್ ಮೆಖ್ಲೂಫಿ ಫ್ರಾನ್ಸ್ ತಂಡದಲ್ಲಿ ಆ ವರ್ಷದ ವಿಶ್ವಕಪ್ ಆಡಬಹುದಾಗಿದ್ದವನು. ಅದನ್ನು ಒದ್ದು ಬಂದ. ನಾಲ್ಕು ವರ್ಷದ ಮೇಲೆ, 1962ರಲ್ಲಿ, ಅಲ್ಜೀರಿಯ ಸ್ವತಂತ್ರವಾಯಿತು. ಇದನ್ನು ಅಫೀಮು ಎನ್ನುವಿರಾ?

ಅಂಗಡಿ ಹಾಕಿದವರು

ಈಗ ಚೆಂಡು ಯಾರ ಕಾಲಿನಲ್ಲಿದೆ? ಬಂಡವಾಳಗಾರನ ಕಾಲಿನಲ್ಲಿ. ಲೆಕ್ಕ ನೋಡಿ. 2022ರ ಕತಾರ್ ವಿಶ್ವಕಪ್ಪಿನವರೆಗಿನ ನಾಲ್ಕು ವರ್ಷಗಳಲ್ಲಿ ಫಿಫಾ ಎಂಬ ಜಾಗತಿಕ ಸಂಸ್ಥೆಯ ಆದಾಯ ಸುಮಾರು 750 ಕೋಟಿ ಡಾಲರು. ಆ ದೇಶದ ಕ್ರೀಡಾಂಗಣ, ರಸ್ತೆ, ಹೋಟೆಲುಗಳನ್ನು ಕಟ್ಟಿದವರಾರು? ಭಾರತ, ನೇಪಾಳ, ಬಾಂಗ್ಲಾದೇಶ, ಪಾಕಿಸ್ತಾನ, ಶ್ರೀಲಂಕಾಗಳ ಕೂಲಿಗಾರರು. ಆತಿಥ್ಯ ಕತಾರಿಗೆಂದು ಗೊತ್ತಾದ 2010ರಿಂದ ಹತ್ತು ವರ್ಷಗಳಲ್ಲಿ ಈ ಐದು ದೇಶಗಳ 6,500ಕ್ಕೂ ಹೆಚ್ಚು ವಲಸೆಗಾರರು ಅಲ್ಲಿ ಸತ್ತರೆಂದು ಇಂಗ್ಲೆಂಡಿನ ಗಾರ್ಡಿಯನ್ ಪತ್ರಿಕೆ 2021ರಲ್ಲಿ ಪ್ರಕಟಿಸಿತು. ಎಲ್ಲರೂ ಕ್ರೀಡಾಂಗಣದ ಕೆಲಸದಲ್ಲೇ ಸತ್ತರೆಂದು ಆ ಪತ್ರಿಕೆಯೂ ಹೇಳಲಿಲ್ಲ, ನಾವೂ ಹೇಳುವುದಿಲ್ಲ. ಆದರೆ ಸುಡುವ ಬಿಸಿಲಿನಲ್ಲಿ ದುಡಿದು ಮಲಗಿದಲ್ಲೇ ಸತ್ತ ಯುವಕರ ಸಾವನ್ನು ಸಹಜ ಸಾವೆಂದು ಬರೆದು ಕಡತ ಮುಚ್ಚಿದ್ದನ್ನು ಯಾವ ನ್ಯಾಯ ಒಪ್ಪೀತು?

ಚೆಂಡನ್ನು ಹೊಲಿಯುವವರ ಪಾಡು ಇದಕ್ಕಿಂತ ಬೇರೆಯೇ? ಪಾಕಿಸ್ತಾನದ ಸಿಯಾಲ್‌ಕೋಟ್, ನಮ್ಮ ಪಂಜಾಬಿನ ಜಲಂಧರ್ ಚೆಂಡು ಹೊಲಿಯುವ ಊರುಗಳು. ಗಡಿಯ ಎರಡೂ ಕಡೆ ಸೂಜಿ ಒಂದೇ, ಬೆರಳಿನ ಗಾಯವೂ ಒಂದೇ. ಸಿಯಾಲ್‌ಕೋಟಿನಲ್ಲಿ ಮಕ್ಕಳ ಕೈಯಿಂದ ಚೆಂಡು ಹೊಲಿಸುತ್ತಿದ್ದುದು ಜಗತ್ತಿಗೆ ತಿಳಿದು ಛೀಮಾರಿ ಬಿದ್ದ ಮೇಲೆಯೇ, 1997ರಲ್ಲಿ, ಅದನ್ನು ನಿಲ್ಲಿಸುವ ಒಪ್ಪಂದವಾದದ್ದು.

ನಮ್ಮ ದೇಶದಲ್ಲಿ ಏನಾಯಿತು? 2010ರಲ್ಲಿ ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ ಆಟದ ವ್ಯಾಪಾರದ ಹಕ್ಕನ್ನು ಹದಿನೈದು ವರ್ಷಕ್ಕೆ 700 ಕೋಟಿ ರೂಪಾಯಿಗೆ ರಿಲಯನ್ಸ್ ಪಾಲುದಾರಿಕೆಯ ಕಂಪನಿಗೆ ಬರೆದುಕೊಟ್ಟಿತು. 2014ರಲ್ಲಿ ದೀಪಾಲಂಕಾರ, ಸಿನಿಮಾ ನಟರೊಡನೆ ಇಂಡಿಯನ್ ಸೂಪರ್ ಲೀಗ್ ಶುರುವಾಯಿತು. ಬೆಂಗಳೂರಿನಲ್ಲಿ 2013ರಲ್ಲಿ ಜಿಂದಾಲ್ ಉಕ್ಕಿನ ಸಮೂಹ ಬೆಂಗಳೂರು ಎಫ್‌ಸಿ ಕಟ್ಟಿತು. ಹುಡುಗರು ಚೆನ್ನಾಗಿ ಆಡಿದರು, ಮೊದಲ ವರ್ಷವೇ ಐ-ಲೀಗ್ ಗೆದ್ದರು, 2019ರಲ್ಲಿ ಸೂಪರ್ ಲೀಗನ್ನೂ ಗೆದ್ದರು. ಕಂಠೀರವ ಕ್ರೀಡಾಂಗಣಕ್ಕೆ ಮತ್ತೆ ಜನ ಬಂದರು. ಇದನ್ನು ಅಲ್ಲಗಳೆಯುವ ಸಣ್ಣತನ ನಮಗೆ ಬೇಡ. ಆದರೆ ಹದಿನೈದು ವರ್ಷದ ಕರಾರು ಮುಗಿಯುವ ಹೊತ್ತು ಬಂದಾಗ ಬಣ್ಣ ಬಯಲಾಯಿತು. 2025ರ ಜುಲೈನಲ್ಲಿ ಲೀಗನ್ನು ತಡೆಹಿಡಿದರು. ಆಗಸ್ಟಿನಲ್ಲಿ ಬೆಂಗಳೂರು ಎಫ್‌ಸಿ ತನ್ನ ಮುಖ್ಯ ತಂಡದ ಆಟಗಾರರ, ಸಿಬ್ಬಂದಿಯ ಸಂಬಳವನ್ನು ಅನಿರ್ದಿಷ್ಟ ಕಾಲ ನಿಲ್ಲಿಸುವುದಾಗಿ ಸಾರಿತು. ಗಿರಣಿಯ ಬಾಂಧವರೇ, ಈ ಪರಿಸ್ಥಿತಿಗೆ ನಮ್ಮ ಭಾಷೆಯಲ್ಲಿ ಏನೆನ್ನುತ್ತಾರೆ? ಲಾಕೌಟ್ ಎನ್ನುವುದಿಲ್ಲವೇ? ಮೇಲಿನವರ ಕರಾರಿನ ತಕರಾರಿಗೆ ಕೆಳಗೆ ದುಡಿಯುವವನ ಸಂಬಳ ನಿಲ್ಲುವುದು ಗೇಟಿಗೆ ಬೀಗ ಹಾಕಿದ ಗಿರಣಿಯಲ್ಲಿಯೂ ಒಂದೇ, ಹುಲ್ಲು ಹಾಸಿದ ಮೈದಾನದಲ್ಲಿಯೂ ಒಂದೇ.

ಇನ್ನೊಂದು ವಿಪರ್ಯಾಸ ಕೇಳಿ. 1968-69ರ ನಂತರ 54 ವರ್ಷ ಕಾದು ಕರ್ನಾಟಕ ಮತ್ತೆ ಸಂತೋಷ್ ಟ್ರೋಫಿ ಗೆದ್ದದ್ದು 2023ರ ಮಾರ್ಚ್ 4ರಂದು, ಮೇಘಾಲಯವನ್ನು ಮೂರಕ್ಕೆ ಎರಡರಿಂದ ಸೋಲಿಸಿ. ಎಲ್ಲಿ? ಸೌದಿ ಅರೇಬಿಯದ ರಿಯಾದ್ ನಗರದಲ್ಲಿ! ಭಾರತದ ರಾಜ್ಯ ರಾಜ್ಯಗಳ ಪಂದ್ಯವನ್ನು ನೋಡಲು ಬೆಂಗಳೂರಿನ ಕೂಲಿಗಾರ ಪಾಸ್‌ಪೋರ್ಟ್ ಮಾಡಿಸಬೇಕಾಗಿತ್ತೇ?

ಅಂಗಡಿಕಾರ ಮಿತ್ರರೂ ಇದು ತಮಗೆ ಸಂಬಂಧಿಸಿದ್ದಲ್ಲವೆಂದು ಪುಟ ತಿರುವಬೇಡಿ. ಊರ ಬಯಲಿನಲ್ಲಿ ಪಂದ್ಯವಿದ್ದ ದಿನ ಕಡಲೆಕಾಯಿಯವನಿಗೂ ಸೋಡದವನಿಗೂ ಟೀ ಅಂಗಡಿಗೂ ನಾಲ್ಕು ಕಾಸು ಗಿಟ್ಟುತ್ತದೆ. ಕಂಪನಿಯ ಪಂದ್ಯದಲ್ಲಿ ಗೇಟಿನೊಳಗೆ ಮಾರುವ ಹಕ್ಕು ಕಂಪನಿಗೆ ಮಾತ್ರ. 2010ರಲ್ಲಿ ದಕ್ಷಿಣ ಆಫ್ರಿಕದಲ್ಲಿ ವಿಶ್ವಕಪ್ ನಡೆದಾಗ ಕ್ರೀಡಾಂಗಣಗಳ ಸುತ್ತ ಗೆರೆ ಎಳೆದು ಬೀದಿ ವ್ಯಾಪಾರಿಗಳನ್ನು ದೂರ ಇಟ್ಟರು. 2014ರ ವಿಶ್ವಕಪ್ಪಿಗೆ ಮುಂಚೆ ಬ್ರೆಜಿಲಿನ ಸಾಲ್ವಡಾರ್ ನಗರದಲ್ಲೂ ಹಾಗೆಯೇ ಮಾಡಹೊರಟಾಗ, ಅಲಸಂದೆ ಜಾತಿಯ ಕಾಳನ್ನು ರುಬ್ಬಿ ವಡೆ ಕರಿದು ಮಾರುವ ಹೆಂಗಸರು ಒಟ್ಟಾಗಿ ಬೀದಿಗಿಳಿದರು. ಹೋರಾಡಿ ಕ್ರೀಡಾಂಗಣದಲ್ಲಿ ಮಾರುವ ಹಕ್ಕನ್ನು ಪಡೆದರು. ವಡೆ ಮಾರುವವರ ಒಗ್ಗಟ್ಟಿನ ಮುಂದೆ ಫಿಫಾ ಮಣಿಯಿತು. ನಮ್ಮ ಸಂತೆಬೀದಿಯವರು ಇದನ್ನು ನೆನಪಿಡಬೇಕು.

ಹೆಣ್ಣುಮಕ್ಕಳ ಚೆಂಡು

ಮೊದಲ ಮಹಾಯುದ್ಧದ ಕಾಲದಲ್ಲಿ ಇಂಗ್ಲೆಂಡಿನ ಪ್ರೆಸ್ಟನ್ ಊರಿನ ಡಿಕ್ ಕೆರ್ ಕಾರ್ಖಾನೆಯಲ್ಲಿ ಮದ್ದುಗುಂಡು ತಯಾರಿಸುತ್ತಿದ್ದ ಹೆಣ್ಣುಮಕ್ಕಳು ತಂಡ ಕಟ್ಟಿದರು. 1920ರ ಡಿಸೆಂಬರ್ 26ರಂದು ಲಿವರ್‌ಪೂಲಿನಲ್ಲಿ ಅವರ ಆಟ ನೋಡಲು ಸುಮಾರು 53,000 ಜನ ಸೇರಿದ್ದರು. ಅಲ್ಲಿನ ಫುಟ್‌ಬಾಲ್ ಸಂಘದ ಗಂಡಸರಿಗೆ ಇದು ಸಹ್ಯವಾಗಲಿಲ್ಲ. 1921ರ ಡಿಸೆಂಬರಿನಲ್ಲಿ, ಈ ಆಟ ಹೆಂಗಸರಿಗೆ ತಕ್ಕುದಲ್ಲವೆಂದು ಹೇಳಿ ತಮ್ಮ ಮೈದಾನಗಳ ಬಾಗಿಲು ಮುಚ್ಚಿದರು. ಆ ಬಾಗಿಲು ತೆರೆಯಲು ಸುಮಾರು ಐವತ್ತು ವರ್ಷ ಬೇಕಾಯಿತು. ಮದ್ದು ತುಂಬುವ ಕೆಲಸಕ್ಕೆ ತಕ್ಕವರು, ಚೆಂಡು ಒದೆಯಲು ತಕ್ಕವರಲ್ಲ! ಇಂದು ನಮ್ಮ ಗಾರ್ಮೆಂಟ್ಸ್ ಕಾರ್ಖಾನೆಗಳಿಗೆ ಬೆಳಗಿನ ಜಾವ ವ್ಯಾನು ಹತ್ತುವ ಅಕ್ಕತಂಗಿಯರಿಗೆ ಯಾರೂ ಮೈದಾನದ ಬಾಗಿಲು ಮುಚ್ಚಿಲ್ಲ. ಮುಚ್ಚಲು ಅವರಿಗೊಂದು ಮೈದಾನವಿದ್ದರೆ ತಾನೇ?

ಬಾಗಿಲು ಮುಚ್ಚಿದ ಮೇಲೆ

2001ರ ಫೆಬ್ರವರಿ 28ರಂದು ಕೋಲಾರ ಚಿನ್ನದ ಗಣಿಗೆ ಬೀಗ ಬಿತ್ತು. ನೂರಿಪ್ಪತ್ತು ವರ್ಷ ಚಿನ್ನ ಅಗೆದವರ ಮಕ್ಕಳು ಅಂದಿನಿಂದ ಕತ್ತಲಲ್ಲೇ ಎದ್ದು ರೈಲು ಹತ್ತಿ ಬೆಂಗಳೂರಿಗೆ ಹೋಗಿ ದುಡಿದು ಕತ್ತಲಾದ ಮೇಲೆ ಮರಳುತ್ತಿದ್ದಾರೆ. ಆ ರೈಲುಗಳಲ್ಲಿ ನಮ್ಮ ಟೇಕಲ್ ಹುಡುಗರೂ ಇದ್ದಾರೆ. ಬೆಂಗಳೂರಿನ ಬಿನ್ನಿ ಗಿರಣಿಯಿದ್ದ ಜಾಗದಲ್ಲಿ ಅಪಾರ್ಟ್‌ಮೆಂಟುಗಳು ಎದ್ದಿವೆ. ಮಾಲೂರು, ನರಸಾಪುರ, ವೇಮಗಲ್‌ಗಳಲ್ಲಿ ಹೊಸ ಕಾರ್ಖಾನೆಗಳು ಬಂದಿವೆ, ನಿಜ. ಆದರೆ ಅಲ್ಲಿ ಗುತ್ತಿಗೆಯವನೇ ಹೆಚ್ಚು, ಕಾಯಂ ಆದವನು ಕಡಿಮೆ. 2020ರ ಡಿಸೆಂಬರ್ 12ರಂದು ನರಸಾಪುರದ ವಿಸ್ಟ್ರಾನ್ ಮೊಬೈಲ್ ಕಾರ್ಖಾನೆಯಲ್ಲಿ ಸಂಬಳದ ತಕರಾರಿನಿಂದ ಕಾರ್ಮಿಕರು ಸಿಡಿದೆದ್ದುದು ದೇಶಕ್ಕೇ ಗೊತ್ತು. ಕಾರ್ಖಾನೆಯ ಗಾಜು ಒಡೆದದ್ದು ಸರಿಯೆಂದು ನಾನು ಹೇಳಲಾರೆ. ಆದರೆ ಹೇಳಿಕೊಳ್ಳಲು ಸಂಘವಿಲ್ಲದವನ ಸಂಕಟ ಬೇರೆ ಯಾವ ದಾರಿಯಿಂದ ಹೊರಬಂದೀತು?

2023ರಲ್ಲಿ ರಾಜ್ಯ ಸರ್ಕಾರ ಕಾರ್ಖಾನೆ ಕಾನೂನಿಗೆ ತಿದ್ದುಪಡಿ ತಂದು, ವಾರಕ್ಕೆ 48 ಗಂಟೆಯ ಮಿತಿಯೊಳಗೆ ದಿನಕ್ಕೆ 12 ಗಂಟೆಯವರೆಗೆ ದುಡಿಸಲು ದಾರಿ ಮಾಡಿತು. ಮೂರು ತಿಂಗಳಿಗೆ 75 ಗಂಟೆಯಿದ್ದ ಓವರ್‌ಟೈಮಿನ ಮಿತಿಯನ್ನು ಹೆಚ್ಚುಕಡಿಮೆ ಇಮ್ಮಡಿಗೊಳಿಸಿತು. ಕಾರ್ಮಿಕನ ಲಿಖಿತ ಒಪ್ಪಿಗೆ ಬೇಕೆಂಬ ಮಾತು ಅದರಲ್ಲಿತ್ತು. ಗುತ್ತಿಗೆಯವನು ಒಪ್ಪಿಗೆ ಕೊಡದೆ ನಾಳೆ ಯಾವ ಗೇಟಿಗೆ ಹೋಗಬೇಕು? 2024ರಲ್ಲಿ ಐ.ಟಿ. ಕಂಪನಿಗಳಿಗೆ 14 ಗಂಟೆಯ ಪ್ರಸ್ತಾಪ ಬಂದು, ನೌಕರರ ಸಂಘ ಬೊಬ್ಬೆ ಹಾಕಿದ ಮೇಲೆ ಹಿಂದೆ ಸರಿಯಿತು. ಲಂಕಾಷೈರಿನ ಕೂಲಿಗಾರ 1850ರಲ್ಲಿ ಗೆದ್ದ ಶನಿವಾರವನ್ನು ನಮ್ಮಿಂದ ಇಷ್ಟಿಷ್ಟೇ ಹಿಂದಕ್ಕೆ ಕಿತ್ತುಕೊಳ್ಳುತ್ತಿದ್ದಾರೆ.

ಒಂದು ಸ್ವಂತದ ಮಾತು ಹೇಳಿ ಮುಗಿಸುತ್ತೇನೆ. ನಾನು ಮೇಷ್ಟ್ರಾಗಿದ್ದ ಶಾಲೆಯಲ್ಲಿ ವೇಳಾಪಟ್ಟಿಯ ಮೇಲೆ ಪಿ.ಟಿ. ಪೀರಿಯಡ್ಡು ಇತ್ತು, ಬಯಲಿರಲಿಲ್ಲ. ಇದ್ದ ಒಂದು ಚೆಂಡು ಬೀರುವಿನಲ್ಲಿ ಬೀಗದೊಳಗಿತ್ತು. ಇನ್‌ಸ್ಪೆಕ್ಷನ್ನಿನ ದಿನ ಹೊರಗೆ ಬರುತ್ತಿತ್ತು. ಒಂದು ಸಲ ನಾನೇ ಬೀಗದ ಕೈ ತೆಗೆದುಕೊಂಡು ಹುಡುಗರನ್ನು ಕೆರೆಯಂಗಳಕ್ಕೆ ಕರೆದುಕೊಂಡು ಹೋದೆ. ಎಡಗಾಲಿನ ಹುಡುಗನೊಬ್ಬ ಚೆಂಡನ್ನು ಕಾಲಿಗೆ ಅಂಟಿಸಿಕೊಂಡವನಂತೆ ಐದಾರು ಮಂದಿಯನ್ನು ದಾಟಿ ಹೋದ. ಎಲ್ಲರೂ ಬೆರಗಾದರು. ಮರುದಿನ ಚೆಂಡು ಮತ್ತೆ ಬೀರುವಿಗೆ ಹೋಯಿತು, ನನಗೆ ಮೆಮೊ ಬಂತು.

ಟೀ ಅಂಗಡಿಯ ಬೆಂಚಿನ ಮೇಲೆ ತೂಕಡಿಸುತ್ತಿದ್ದ ತರುಣ ಅವನೇ. ಹನ್ನೆರಡು ಗಂಟೆಯ ಪಾಳಿ ಮುಗಿಸಿ ಬಂದಿದ್ದ. ಅವನು ಇನ್ನೊಬ್ಬ ಅಹ್ಮದ್ ಖಾನ್ ಆಗುತ್ತಿದ್ದನೋ ಇಲ್ಲವೋ, ಯಾರು ಬಲ್ಲರು? ಆಗದಿದ್ದರೂ ಚಿಂತೆಯಿಲ್ಲ. ಸಂಜೆ ಒಂದು ಗಂಟೆ ಬಯಲಿನಲ್ಲಿ ಓಡಿ, ಗೆಳೆಯರೊಡನೆ ನಕ್ಕು, ಮನುಷ್ಯನಾಗಿ ಮನೆಗೆ ಹೋಗುವ ಹಕ್ಕಾದರೂ ಅವನಿಗೆ ಬೇಡವೇ?

ಆದುದರಿಂದ ನಮ್ಮ ಬೇಡಿಕೆಗಳು ಇವು. ದಿನಕ್ಕೆ ಎಂಟೇ ಗಂಟೆಯ ದುಡಿಮೆ. ಒಪ್ಪಿಗೆಯ ಹೆಸರಿನ ಬಲವಂತ ಕೂಡದು. ಟೇಕಲ್ ಸೇರಿದಂತೆ ಪ್ರತಿ ಹೋಬಳಿಯಲ್ಲೂ ಗೋಮಾಳದಿಂದ ಒಂದು ಆಟದ ಬಯಲನ್ನು ಪಹಣಿಯಲ್ಲಿ ದಾಖಲಿಸಿ, ಯಾರಿಗೂ ಪರಭಾರೆ ಆಗದಂತೆ ಕಾಯಬೇಕು. ರೈತನಿಂದ ಪಡೆದ ಜಮೀನಿನಲ್ಲಿ ಕೈಗಾರಿಕಾ ಪ್ರದೇಶ ಮಾಡುವಾಗ ಕಾರ್ಮಿಕರಿಗೆ, ಹೆಣ್ಣುಮಕ್ಕಳಿಗೂ ಸೇರಿ, ದೀಪವುಳ್ಳ ಮೈದಾನ ಬಿಡಬೇಕು. ಪಂದ್ಯ ನಡೆಯುವಲ್ಲಿ ಬೀದಿ ವ್ಯಾಪಾರಿಗೆ ಜಾಗವಿರಬೇಕು. ಆಟಗಾರನನ್ನೂ ಕಾರ್ಮಿಕನೆಂದೇ ಎಣಿಸಿ ಸಂಬಳದ ರಕ್ಷಣೆ ಕೊಡಬೇಕು.

ಉಳುವವನೇ ಹೊಲದೊಡೆಯ ಎಂದು ನಮ್ಮ ಹಿರಿಯರು ಕೂಗಿದಾಗ ಜಮೀನ್ದಾರರು ನಕ್ಕಿದ್ದರು. ಕೂಗು ನಿಲ್ಲಲಿಲ್ಲ, ನಗು ನಿಂತಿತು. ಇಂದು ನಾವು ಇನ್ನೊಂದು ಕೂಗು ಹಾಕೋಣ: ಆಡುವವನೇ ಬಯಲಿನೊಡೆಯ! ಬರುವ ಗ್ರಾಮಸಭೆಯಲ್ಲಿ ಬಯಲಿನ ಅರ್ಜಿ ಹಿಡಿದು ನಾನು ಹಾಜರಿರುತ್ತೇನೆ. ಟೀ ಅಂಗಡಿಯ ಯಜಮಾನರು ಮೊದಲ ಸಹಿ ಹಾಕಿದ್ದಾರೆ. ಎರಡನೆಯದು ಆ ಎಡಗಾಲಿನ ಹುಡುಗನದು. ಮೂರನೆಯದು ನಿಮ್ಮದಾಗಲಿ.